ಎಲ್ಲೆಯರಿತ ಯಂತ್ರ

ಹುಲ್ಲನ್ನು ಸಮನಾಗಿ ಕತ್ತರಿಸುವ ಸಮಸ್ಯೆಯನ್ನು ಯಂತ್ರಶಾಸ್ತ್ರವು ಬಹುಹಿಂದೆಯೇ ಬಗೆಹರಿಸಿತು. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದಲ್ಲಿ, ಉಣ್ಣೆಯ ಬಟ್ಟೆಯ ಮೇಲೆದ್ದ ನವಿರನ್ನು ಸವರಿ ನಯಗೊಳಿಸುವ ಗಿರಣಿಯ ಯಂತ್ರವನ್ನು ಕಂಡ ಎಡ್ವಿನ್ ಬಡಿಂಗ್ ಎಂಬಾತನು, ಅದೇ ಉಪಾಯವು ನೆಲದ ಹುಲ್ಲಿಗೂ ಸಲ್ಲುವುದೆಂದು ಊಹಿಸಿ, 1830ರಲ್ಲಿ ತನ್ನ ನಿರ್ಮಾಣಕ್ಕೆ ಹಕ್ಕುಪತ್ರವನ್ನು ಪಡೆದನು. ಅಲ್ಲಿಂದೀಚೆಗೆ ಉಗಿ, ಪೆಟ್ರೋಲು, ವಿದ್ಯುತ್ತು ಇವು ಒಂದರ ಹಿಂದೊಂದು ಬಂದು ಆ ಅಲಗನ್ನು ತಿರುಗಿಸಿದುವು. ಆದರೆ ಯಂತ್ರದ ಹಿಂದೆ ನಡೆಯುವ ಮನುಷ್ಯನು ಮಾತ್ರ ಒಂದೂವರೆ ಶತಮಾನಕ್ಕೂ ಮೀರಿ ಅಲ್ಲಿಯೇ ಉಳಿದನು. ಹುಲ್ಲು ಎಲ್ಲಿ ಮುಗಿದು ಹೂವಿನ ಪಾತಿ ಎಲ್ಲಿ ಮೊದಲಾಗುತ್ತದೆ, ನೆರೆಯವರ ನೆಲ ಎಲ್ಲಿಂದ ಎಂಬುದನ್ನು ಬಲ್ಲವನು ಅವನೊಬ್ಬನೇ ಆಗಿದ್ದುದು ಇದಕ್ಕೆ ಕಾರಣ.

ಈ ಅರಿವನ್ನು ಯಂತ್ರಕ್ಕೂ ಕಲಿಸುವ ಪ್ರಯತ್ನದ ಮೊದಲ ಗಣ್ಯಫಲವನ್ನು ಸ್ವೀಡನ್ನಿನ ಹುಸ್ಕ್ವಾರ್ನಾ ಸಂಸ್ಥೆಯು 1995ರಲ್ಲಿ ಮಾರುಕಟ್ಟೆಗೆ ತಂದಿತು. ಬೆನ್ನ ಮೇಲೆ ಸೌರಫಲಕಗಳನ್ನು ಹೊತ್ತು ತಾನೇ ತಾನಾಗಿ ಹುಲ್ಲು ಕತ್ತರಿಸುತ್ತಿದ್ದ ಆ ರೋಬಾಟಿನ ಸಂತತಿಗೆಲ್ಲ ಬಹುಕಾಲ ಎಲ್ಲೆಯನ್ನು ತಿಳಿಸುತ್ತಿದ್ದುದು, ತೋಟದ ಅಂಚಿನುದ್ದಕ್ಕೂ ನೆಲದಲ್ಲಿ ಹೂಳಿದ ಒಂದು ತಂತಿ. ಅದರಲ್ಲಿ ಹರಿಯುವ ದುರ್ಬಲವಾದ ವಿದ್ಯುತ್ಸಂಕೇತವನ್ನು ಗ್ರಹಿಸಿದೊಡನೆ ಯಂತ್ರವು ಹಿಂದಿರುಗಿ ಮತ್ತೊಂದು ದಿಕ್ಕಿಗೆ ಹೊರಳುವುದು. ಹೀಗೆ ಯಾದೃಚ್ಛಿಕವಾಗಿ ಅಲೆದು ಅಲೆದು ಕಡೆಗೆ ಇಡೀ ಹುಲ್ಲುಹಾಸನ್ನು ಮುಗಿಸುವುದು. ತಂತಿಯನ್ನು ಹೂಳುವುದು ಶ್ರಮದ ಕೆಲಸ. ಗುದ್ದಲಿಯ ಏಟಿಗೆ ಅದು ತುಂಡಾಗುವುದುಂಟು. ಹೊಸದೊಂದು ಪಾತಿ ಮಾಡಿದರೆ ಅದನ್ನು ಕಿತ್ತು ಬೇರೆಡೆ ಹೂಳಬೇಕು. ಇಷ್ಟು ದೋಷಗಳ ನಡುವೆಯೂ ಅದಕ್ಕೆ ಒಂದು ದೊಡ್ಡ ಗುಣವಿತ್ತು. ತಂತಿ ತುಂಡಾದರೆ ಯಂತ್ರವು ನಿಂತುಬಿಡುತ್ತಿತ್ತು. ಎಲ್ಲೆ ತನಗೆ ತಿಳಿಯದಾದಾಗ ಅದು ಒಂದಡಿಯೂ ಮುಂದೆ ಹೋಗುತ್ತಿರಲಿಲ್ಲ.

ಈಗ ತಂತಿಯ ಗೊಡವೆಯಿಲ್ಲದ ಯಂತ್ರಗಳು ಬಂದಿವೆ. ಮ್ಯೂನಿಕ್, ಸ್ಟುಟ್‌ಗಾರ್ಟ್ ಮೊದಲಾದ ನಗರಗಳ ಹೊರವಲಯದಲ್ಲಿ ಮನೆಮಾಡಿಕೊಂಡು, ವಸಂತದಿಂದ ಶರತ್ಕಾಲದವರೆಗೆ ವಾರವಾರವೂ ಹಿತ್ತಿಲ ಹುಲ್ಲಿನೊಡನೆ ಹೆಣಗುವ ನಮ್ಮವರು ಇವುಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ವಿಚಾರಿಸುವುದು ಸಹಜವೇ. ಅಂಥವರ ಮುಂದೆ ನಾನಿಡಬಯಸುವ ಮಾನದಂಡವು ಆ ಹಳೆಯ ತಂತಿಯ ಯಂತ್ರದಿಂದಲೇ ದೊರೆತದ್ದು: ತನಗೆ ತಿಳಿಯದಾದಾಗ ಈ ಹೊಸ ಯಂತ್ರವು ಏನು ಮಾಡುತ್ತದೆ? ಬ್ಯಾಟರಿಯ ಗಾತ್ರ, ಅಲಗಿನ ಅಗಲ, ಗಂಟೆಗೆ ಎಷ್ಟು ಚದರ ಮೀಟರು ಎಂಬ ಲೆಕ್ಕ, ಇವೆಲ್ಲ ಆ ಪ್ರಶ್ನೆಯ ಅನಂತರದವು.

ತಂತಿಯನ್ನು ತೊರೆದ ಯಂತ್ರಗಳಲ್ಲಿ ಹಲವು ಆಕಾಶವನ್ನು ಆಶ್ರಯಿಸಿವೆ. ಭೂಮಿಯಿಂದ 20,000 ಕಿಲೋಮೀಟರಿಗೆ ಆಚೀಚೆಯ ಎತ್ತರದಲ್ಲಿ ಸುತ್ತುವ ಅಮೆರಿಕದ ಜಿಪಿಎಸ್, ಯೂರೋಪಿನ ಗೆಲಿಲಿಯೋ, ರಷ್ಯದ ಗ್ಲೊನಾಸ್ ಮೊದಲಾದ ಉಪಗ್ರಹಗಳು ನಮ್ಮ ಕೈಯ ಮೊಬೈಲಿಗೆ ಸ್ಥಾನವನ್ನು ತಿಳಿಸುವಾಗ ಕೆಲವು ಮೀಟರುಗಳಷ್ಟು ತಪ್ಪುವುದುಂಟು; ಬೀದಿಯಲ್ಲಿ ದಾರಿ ಹುಡುಕುವವನಿಗೆ ಅದು ಅಲ್ಪದೋಷವಾದರೂ ಗುಲಾಬಿಯ ಪಾತಿಯ ಪಕ್ಕದಲ್ಲಿ ಅಲಗನ್ನು ತಿರುಗಿಸುವ ಯಂತ್ರಕ್ಕೆ ಅಕ್ಷಮ್ಯ. ಇದರ ಪರಿಹಾರಕ್ಕಾಗಿ ಆರ್‌ಟಿಕೆ ಎಂಬ ಕ್ರಮವು ಭೂಮಾಪನದವರ ಕೈಯಿಂದ ತೋಟಕ್ಕೆ ಇಳಿದು ಬಂದಿದೆ. ತೋಟದ ಒಂದೆಡೆ ಕದಲದಂತೆ ನಿಲ್ಲಿಸಿದ ಆಂಟೆನಾ ಒಂದು, ಅಲೆದಾಡುವ ಯಂತ್ರ ಮತ್ತೊಂದು. ಎರಡೂ ಅವೇ ಉಪಗ್ರಹಗಳಿಗೆ ಕಿವಿಗೊಡುತ್ತವೆ. ವಾಯುಮಂಡಲದಿಂದ ಉಂಟಾಗುವ ದೋಷವು ಎರಡಕ್ಕೂ ಹೆಚ್ಚುಕಡಮೆ ಸಮಾನವಾದುದರಿಂದ, ಒಂದರ ಅಳತೆಯಿಂದ ಇನ್ನೊಂದರದನ್ನು ತಿದ್ದಿ, ಸುಮಾರು 19 ಸೆಂಟಿಮೀಟರು ಉದ್ದದ ರೇಡಿಯೋ ಅಲೆಯ ಒಂದಂಶದವರೆಗೂ ಗಣಿಸಿ, ಯಂತ್ರವು ತನ್ನ ಸ್ಥಾನವನ್ನು ಎರಡು ಮೂರು ಸೆಂಟಿಮೀಟರುಗಳ ನಿಷ್ಕೃಷ್ಟತೆಯಿಂದ ಅರಿಯುತ್ತದೆ. ಯಜಮಾನನು ಮೊದಲೊಮ್ಮೆ ಅದನ್ನು ತೋಟದ ಅಂಚಿನಲ್ಲಿ ನಡೆಸಿ ತೋರಿದರೆ ಸಾಕು. ಆ ರೇಖೆ ನಕ್ಷೆಯಾಗಿ ಉಳಿಯುತ್ತದೆ. ಅಲೆದಾಟ ತಪ್ಪಿ, ನೇಗಿಲ ಸಾಲಿನಂತಹ ಸರಳರೇಖೆಗಳಲ್ಲಿ ಕೆಲಸ ಸಾಗುತ್ತದೆ. ಇದು ಮೆಚ್ಚತಕ್ಕ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಸಾಧನೆಗೆಲ್ಲ ತೆರೆದ ಆಕಾಶವೇ ಆಧಾರ. ಮನೆಯ ಗೋಡೆ ಆಕಾಶದ ಅರ್ಧವನ್ನು ಮರೆಮಾಡಿದಲ್ಲಿ, ಉಪಗ್ರಹದ ಸಂಕೇತವು ಆ ಗೋಡೆಗೆ ತಗುಲಿ ಪುಟಿದು ಸುತ್ತುದಾರಿಯಿಂದ ಬಂದಲ್ಲಿ, ಮರದ ದಟ್ಟವಾದ ಎಲೆಗಳು ಅದನ್ನು ಕುಂದಿಸಿದಲ್ಲಿ, ಯಂತ್ರದ ಲೆಕ್ಕವು ಸಡಿಲಗೊಳ್ಳುತ್ತದೆ. ಇಲ್ಲಿ ಕೊಳ್ಳುವವರು ಎಡವುವ ಬಗೆ ಒಂದುಂಟು. ಅದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಯೂರೋಪಿನಲ್ಲಿ ಇಂಥ ಯಂತ್ರವನ್ನು ಕೊಳ್ಳುವ ಯೋಚನೆ ಬರುವುದು ಮಾರ್ಚಿಯಲ್ಲೋ ಏಪ್ರಿಲಿನ ಆದಿಯಲ್ಲೋ. ಆಗ ಸೇಬು, ಪೇರು, ಬರ್ಚ್ ಮೊದಲಾದ ಮರಗಳು ಇನ್ನೂ ಎಲೆಯಿಲ್ಲದೆ ನಿಂತಿರುತ್ತವೆ. ಕೊಂಬೆಗಳ ನಡುವೆ ಆಕಾಶ ನಿರಾತಂಕವಾಗಿ ಕಾಣುತ್ತದೆ. ಯಂತ್ರವನ್ನು ಆಗ ಸ್ಥಾಪಿಸಿದರೆ ಮೂಲೆಮೂಲೆಯಲ್ಲಿಯೂ ತಪ್ಪಿಲ್ಲದೆ ನಡೆಯುತ್ತದೆ. ಅದೇ ತೋಟವು ಜೂನ್ ತಿಂಗಳಲ್ಲಿ ಬೇರೆಯೇ ತೋಟ. ಮರಗಳೆಲ್ಲ ಎಲೆ ತುಂಬಿ, ಬೇಲಿಯ ಪೊದೆಗಳು ತಲೆಯೆತ್ತಿ, ಹಿಂದೆ ಇಪ್ಪತ್ತು ಉಪಗ್ರಹಗಳು ಕಾಣುತ್ತಿದ್ದೆಡೆ ಅವುಗಳ ಒಂದಂಶ ಮಾತ್ರ ಉಳಿದು, ಯಂತ್ರವು ಮರದ ಬುಡದಲ್ಲಿ ದಿಕ್ಕುಗಾಣದೆ ನಿಂತು ಯಜಮಾನನನ್ನು ಕರೆಯತೊಡಗುತ್ತದೆ. ಯಂತ್ರ ಕೆಟ್ಟಿತೆಂದು ಆಗ ದೂರುವುದು ನ್ಯಾಯವಲ್ಲ. ಋತುವನ್ನು ಗಣಿಸದೆ ತೋಟವನ್ನು ಅಳೆದುದೇ ದೋಷ. ಹುಲ್ಲು ಅತಿಶಯವಾಗಿ ಬೆಳೆಯುವ ಕಾಲದಲ್ಲಿ ತೋಟದ ಮೇಲಿನ ಆಕಾಶ ಎಷ್ಟು ತೆರೆದಿರುತ್ತದೆಂಬುದನ್ನು, ಹಿಂದಿನ ವರ್ಷದ ಚಿತ್ರಗಳನ್ನಾದರೂ ನೋಡಿ ನಿರ್ಧರಿಸಿಕೊಂಡೇ ಮುಂದುವರಿಯುವುದು ಲೇಸು.

ಆಕಾಶವನ್ನು ನಂಬದ ಯಂತ್ರಗಳು ಎರಡು ಬಗೆ. ಕೆಲವು ಕ್ಯಾಮರಾದ ಕಣ್ಣಿನಿಂದ ಹುಲ್ಲನ್ನೂ ಹುಲ್ಲಲ್ಲದುದನ್ನೂ ಬೇರ್ಪಡಿಸಿಕೊಂಡು ನಡೆಯುತ್ತವೆ. ಸ್ಥಾಪನೆಯ ತೊಡಕು ಇವುಗಳಲ್ಲಿ ಅತ್ಯಲ್ಪ. ಅಂಚುಗಳು ಕಲ್ಲಿನಿಂದಲೋ ಇಟ್ಟಿಗೆಯಿಂದಲೋ ಸ್ಪಷ್ಟವಾಗಿರುವ ಕಿರಿದಾದ ತೋಟಕ್ಕೆ ಇವು ಒಪ್ಪುತ್ತವೆ. ಆದರೆ 2018ರಲ್ಲಿಯೂ 2022ರಲ್ಲಿಯೂ ಯೂರೋಪಿನ ಬಹುಭಾಗದಲ್ಲಿ ಆದಂತೆ ಬೇಸಿಗೆಯ ಬರದಿಂದ ಹುಲ್ಲೆಲ್ಲ ಒಣಗಿ ಮಣ್ಣಿನ ಬಣ್ಣಕ್ಕೆ ತಿರುಗಿದಾಗ, ಅಥವಾ ಶರತ್ಕಾಲದಲ್ಲಿ ಉದುರಿದೆಲೆಗಳು ನೆಲವನ್ನು ಮುಚ್ಚಿದಾಗ, ಬಣ್ಣವನ್ನೂ ರಚನೆಯನ್ನೂ ನೆಚ್ಚಿದ ಕಣ್ಣು ಮಸುಕಾಗುವುದು ಅನಿವಾರ್ಯ. ಇನ್ನೊಂದು ಬಗೆಯವು ಲೈಡಾರ್ ಎಂಬ ಉಪಕರಣದಿಂದ ಲೇಸರ್ ಕಿರಣಗಳನ್ನು ಸುತ್ತಲೂ ಕಳುಹಿಸಿ, ಅವು ತಗುಲಿ ಮರಳುವ ಕಾಲವನ್ನು ಅಳೆದು, ಗೋಡೆ ಮರ ಬೇಲಿಗಳ ದೂರವನ್ನು ತಿಳಿಯುತ್ತವೆ. ಕತ್ತಲೆ ಇವಕ್ಕೆ ಬಾಧಕವಲ್ಲ. ಉಪಗ್ರಹದ ಯಂತ್ರಕ್ಕೆ ಯಾವ ಮರ ಗೋಡೆಗಳು ಶತ್ರುಗಳೋ ಅವೇ ಲೈಡಾರಿಗೆ ಆಪ್ತಮಿತ್ರರು. ಕಿರಣವು ತಗುಲಿ ಮರಳಲು ಏನೂ ಇಲ್ಲದ ಬಟ್ಟಬಯಲಿನಲ್ಲಿ ಅದಕ್ಕೆ ದಾರಿ ತೋರುವವರಿಲ್ಲ. ಆದುದರಿಂದ ಯಂತ್ರಗಳಲ್ಲಿ ಯಾವುದು ಶ್ರೇಷ್ಠವೆಂಬ ಪ್ರಶ್ನೆಗೆ ತೋಟವನ್ನು ಬಿಟ್ಟು ಉತ್ತರವೇ ಇಲ್ಲ. ಎರಡು ಮೂರು ಇಂದ್ರಿಯಗಳನ್ನು ಕೂಡಿಸಿಕೊಂಡ ಯಂತ್ರಗಳೂ ಈಗ ದೊರೆಯುತ್ತವೆ. ಬೆಲೆ ಹೆಚ್ಚಾದರೂ ಮರಗಳೂ ಬಯಲೂ ಬೆರೆತ ತೋಟಕ್ಕೆ ಅವೇ ಯುಕ್ತ.

ಇಂದ್ರಿಯ ಯಾವುದೇ ಆಗಿರಲಿ, ಅದು ಕೈಕೊಡುವ ಗಳಿಗೆಯಲ್ಲಿಯೇ ಯಂತ್ರದ ಶೀಲ ಪ್ರಕಟವಾಗುವುದು. ಸಂಕೇತ ಕ್ಷೀಣಿಸಿದ ಮೇಲೂ ಚಕ್ರಗಳು ಎಷ್ಟು ಉರುಳಿದುವೆಂಬ ಲೆಕ್ಕದ ಮೇಲೆ ಕೆಲವು ಹೆಜ್ಜೆ ಮುಂದುವರಿಯುವುದು ಸಲ್ಲುವ ಕ್ರಮವೇ. ಆದರೆ ಆ ಲೆಕ್ಕದಲ್ಲಿ ತಪ್ಪು ಕ್ಷಣಕ್ಷಣಕ್ಕೂ ಬೆಳೆಯುವುದರಿಂದ, ಒಂದು ಮಿತಿಯ ಅನಂತರ ಅಲಗನ್ನು ನಿಲ್ಲಿಸಿ ಸುಮ್ಮನಾಗುವ ಯಂತ್ರವೇ ಉತ್ತಮ. ಪದೇಪದೇ ನಿಲ್ಲುತ್ತದೆಂದು ಜನ ದೂರುವ ಯಂತ್ರಗಳಲ್ಲಿ ಕೆಲವು ಈ ದೃಷ್ಟಿಯಿಂದ ನೋಡಿದರೆ ನಿಂದೆಗೆ ಪಾತ್ರವಾದುವಲ್ಲ. ತನ್ನ ಅಜ್ಞಾನವನ್ನು ಮುಚ್ಚಿಕೊಂಡು ನೆರೆಮನೆಯ ಪಾತಿಯೊಳಕ್ಕೋ ಕೊಳದ ಅಂಚಿಗೋ ಸಾಗುವ ಯಂತ್ರಕ್ಕಿಂತ, ನಿಂತು ಒಡೆಯನನ್ನು ಕರೆಯುವ ಯಂತ್ರ ನೂರುಪಾಲು ಮೇಲು. ಕೊಳ್ಳುವ ಮುನ್ನ ಇದನ್ನು ತೋಟದಲ್ಲಿಯೇ ಪರೀಕ್ಷಿಸಿ ತೋರಿಸುವಂತೆ ಅಂಗಡಿಯವರನ್ನು ಕೇಳುವುದಕ್ಕೆ ಸಂಕೋಚಪಡಬೇಕಾದುದಿಲ್ಲ.

ಮಿಕ್ಕ ಸಂಗತಿಗಳನ್ನು ಬೇಗ ಹೇಳಿಬಿಡಬಹುದು. ಹೆಚ್ಚಿನ ಯಂತ್ರಗಳು ತಿರುಗುವ ತಟ್ಟೆಗೆ ಸಡಿಲವಾಗಿ ಸಿಕ್ಕಿಸಿದ ಪುಟ್ಟ ಅಲಗುಗಳಿಂದ ಹುಲ್ಲಿನ ತುದಿಯನ್ನು ಆಗಾಗ ಸ್ವಲ್ಪಸ್ವಲ್ಪವೇ ಸವರುತ್ತವೆ; ಆ ಚೂರುಗಳು ಅಲ್ಲಿಯೇ ಬಿದ್ದು ಕೊಳೆತು ನೆಲಕ್ಕೆ ಸಾರಜನಕವನ್ನು ಮರಳಿಸುತ್ತವೆ. ಅಲಗಿನ ತಟ್ಟೆ ಯಂತ್ರದ ಒಡಲಿನ ಒಳಗೆ ಇರುವುದರಿಂದ ಗೋಡೆಯ ಪಕ್ಕದಲ್ಲಿ ಕೆಲವಂಗುಲದ ಪಟ್ಟಿ ಕತ್ತರಿಸದೆ ಉಳಿಯುತ್ತದೆ. ನೆಲದ ಮಟ್ಟಕ್ಕೆ ಸಮನಾಗಿ ಕಲ್ಲು ಹಾಸಿದರೆ ಈ ತೊಂದರೆ ಬಹುಪಾಲು ಇಲ್ಲವಾಗುವುದು. ಇಳಿಜಾರಿನ ವಿಷಯದಲ್ಲಿ ಶೇಕಡವನ್ನೂ ಡಿಗ್ರಿಯನ್ನೂ ಒಂದೇ ಎಂದು ಭಾವಿಸಬಾರದು: ಶೇಕಡ 45 ಎಂದರೆ ಸುಮಾರು 24 ಡಿಗ್ರಿ, 45 ಡಿಗ್ರಿ ಎಂದರೆ ಶೇಕಡ 100. ಯಂತ್ರವನ್ನು ಎತ್ತಿದರೂ ಓರೆಮಾಡಿದರೂ ಅಲಗು ತಟ್ಟನೆ ನಿಲ್ಲುವುದೇ, ಕದ್ದೊಯ್ದವನಿಗೆ ಗುಪ್ತಸಂಖ್ಯೆಯಿಲ್ಲದೆ ಅದು ನಿರುಪಯೋಗಿಯಾಗುವುದೇ ಎಂಬುವನ್ನೂ ನೋಡಿಕೊಳ್ಳಬೇಕು. ತಯಾರಿಸಿದ ಸಂಸ್ಥೆಯ ದೂರದ ಕಂಪ್ಯೂಟರನ್ನು ನೆಚ್ಚಿಯೇ ನಡೆಯುವ ಯಂತ್ರವಾದರೆ, ಆ ಸಂಸ್ಥೆ ಬಾಗಿಲು ಮುಚ್ಚಿದ ದಿನ ತೋಟದ ನಕ್ಷೆಯ ಗತಿಯೇನೆಂಬ ವಿಚಾರವೂ ಅನಾವಶ್ಯಕವಲ್ಲ.

ಎಲ್ಲೆಯೆಂಬುದು ನೆಲಕ್ಕೆ ಮಾತ್ರ ಸಂಬಂಧಿಸಿದ್ದಲ್ಲ, ಕಾಲಕ್ಕೂ ಸಂಬಂಧಿಸಿದ್ದು. ಯೂರೋಪಿನ ತೋಟಗಳಲ್ಲಿ ಹೆಜ್‌ಹಾಗ್ ಎಂಬ ಮುಳ್ಳುಮೈಯ ಕಿರಿಯ ಪ್ರಾಣಿಯೊಂದುಂಟು. ಗೊಂಡೆಹುಳುಗಳನ್ನೂ ಜೀರುಂಡೆಗಳನ್ನೂ ಹುಡುಕುತ್ತ ಇರುಳೆಲ್ಲ ಹುಲ್ಲಿನಲ್ಲಿ ಸಂಚರಿಸುವ ಈ ನಿರಪರಾಧಿಯು, ಅಪಾಯ ಸಮೀಪಿಸಿದಾಗ ಓಡಿಹೋಗದೆ ಚೆಂಡಿನಂತೆ ಮುದುಡಿಕೊಂಡು ಕುಳಿತುಬಿಡುತ್ತದೆ. ಯುಗಯುಗಾಂತರಗಳಿಂದ ಶತ್ರುಗಳ ಬಾಯಿಂದ ತನ್ನನ್ನು ಉಳಿಸಿದ ಆ ಸ್ವಭಾವವೇ ತಿರುಗುವ ಅಲಗಿನ ಮುಂದೆ ಅದಕ್ಕೆ ಮೃತ್ಯುವಾಗುತ್ತದೆ. ಡೆನ್ಮಾರ್ಕಿನ ಸಂಶೋಧಕರು ಮೊದಲೇ ಸತ್ತಿದ್ದ ಹೆಜ್‌ಹಾಗುಗಳ ಶರೀರಗಳನ್ನಿಟ್ಟು ಅನೇಕ ಯಂತ್ರಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಆ ಯಂತ್ರಗಳಲ್ಲಿ ಒಂದಾದರೂ ತಗುಲುವುದಕ್ಕೆ ಮೊದಲು ಪ್ರಾಣಿಯನ್ನು ಗುರುತಿಸಲಿಲ್ಲ. ತಗುಲಿದ ಮೇಲೆ ಕೆಲವು ಹಿಂದಿರುಗಿದುವು, ಕೆಲವು ಗಾಯಮಾಡಿದುವು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು 2024ರಲ್ಲಿ ಪಶ್ಚಿಮ ಯೂರೋಪಿನ ಹೆಜ್‌ಹಾಗನ್ನು ಅಪಾಯದ ಅಂಚಿಗೆ ಸಮೀಪಿಸಿದ ಜೀವಿಗಳ ವರ್ಗಕ್ಕೆ ಸೇರಿಸಿತು. ಅದೇ ವರ್ಷ ಜರ್ಮನಿಯ ಕೊಲೋನ್ ನಗರವು ಇರುಳಿನಲ್ಲಿ ಈ ಯಂತ್ರಗಳನ್ನು ನಡೆಸಕೂಡದೆಂದು ವಿಧಿಸಿತು. ನಿಶ್ಶಬ್ದವಾಗಿ ಕೆಲಸ ಮಾಡುವುದರಿಂದ ಇರುಳಿಗೆ ಬಿಟ್ಟು ಮಲಗಬಹುದೆಂಬ ಪ್ರಶಂಸೆಯನ್ನು ಮಾರಾಟಗಾರರ ಬಾಯಲ್ಲಿ ಕೇಳಿದಾಗ ನನಗೆ ಖೇದವಾಗುತ್ತದೆ. ಹಗಲಿನಲ್ಲಿ ಮಾತ್ರ, ಅದೂ ಸೂರ್ಯನು ಚೆನ್ನಾಗಿ ಮೇಲೇರಿದ ಮೇಲೆ, ಯಂತ್ರವನ್ನು ಹೊರಡಿಸಬೇಕು. ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಂದು ವಸತಿಪ್ರದೇಶಗಳಲ್ಲಿ ಹುಲ್ಲುಯಂತ್ರ ನಡೆಸುವುದನ್ನು ಜರ್ಮನಿಯ ಕಾನೂನು ಹೇಗೂ ನಿಷೇಧಿಸಿದೆ. ಸ್ವಯಂಚಾಲಿತವೆಂಬ ಕಾರಣದಿಂದ ಅದಕ್ಕೆ ವಿನಾಯಿತಿಯಿಲ್ಲ.

ಇರುಳಿನ ಜೀವಿಯಂತೆ ಹಗಲಿನ ದುಂಬಿಯನ್ನೂ ನೆನೆಯಬೇಕು. ದಿನದಿನವೂ ಸವರಿದ ಹುಲ್ಲಿನಲ್ಲಿ ಬಿಳಿಯ ಕ್ಲೋವರ್ ಗಿಡ ಹೂ ಬಿಡದು. ಹೂವಿಲ್ಲದೆಡೆ ದುಂಬಿಗೆ ಕೆಲಸವಿಲ್ಲ. ಬ್ರಿಟನ್ನಿನ ಪ್ಲಾಂಟ್‌ಲೈಫ್ ಸಂಸ್ಥೆಯವರು ಮೇ ತಿಂಗಳಲ್ಲಿ ಹುಲ್ಲನ್ನು ಕತ್ತರಿಸದೆ ಬಿಡುವಂತೆ 2019ರಿಂದ ಜನರನ್ನು ಬೇಡುತ್ತಿರುವುದು ಈ ಕಾರಣದಿಂದಲೇ. ತಂತಿಯಿಲ್ಲದ ಯಂತ್ರದ ನಿಜವಾದ ಹೆಚ್ಚುಗಾರಿಕೆ ನನ್ನ ದೃಷ್ಟಿಯಲ್ಲಿ ಇಲ್ಲಿದೆ: ನೆಲವನ್ನು ಅಗೆಯದೆ, ನಕ್ಷೆಯ ಮೇಲೆ ಬೆರಳಿನಿಂದ ಒಂದು ಗೆರೆಯೆಳೆದು, ತೋಟದ ಒಂದು ಭಾಗವನ್ನು ಹೂವಿಗೂ ಹುಳುವಿಗೂ ಬಿಟ್ಟುಕೊಡುವುದು ಅದರಿಂದ ಸುಲಭಸಾಧ್ಯ.

ಹೀಗಿರುವಾಗ ನನ್ನ ತೀರ್ಪು ಇಷ್ಟು. ನೂರು ಚದರ ಮೀಟರಿಗೆ ಒಳಪಟ್ಟ ಹುಲ್ಲುಹಾಸಿಗೆ, ಬೆಂಗಳೂರಿನ ಮನೆಗಳ ಮುಂದಿನ ಹಸಿರು ತುಣುಕುಗಳಿಗೂ, ಇಂಥ ಸ್ವಯಂಚಾಲಿತ ಯಂತ್ರ ಬೇಡ. ಕೈಯಿಂದ ತಳ್ಳುವ ಬಡಿಂಗನ ಯಂತ್ರದ ಸಂತತಿಯೇ ಸಾಕು. ಬಯಲಾದ ವಿಸ್ತಾರಕ್ಕೆ ಉಪಗ್ರಹದ ಯಂತ್ರ, ಮರಗೋಡೆಗಳ ನಡುವಿನ ತೋಟಕ್ಕೆ ಲೈಡಾರಿನದು, ಇವೆರಡೂ ಬೆರೆತೆಡೆ ಎರಡನ್ನೂ ಹೊಂದಿದುದು ತಕ್ಕುದು. ಯಾವುದನ್ನು ಕೊಂಡರೂ, ಓದುಗರೇ, ಸಂಜೆಯ ಬೆಳಕು ಇಳಿಯುವ ಮೊದಲೇ ಅದನ್ನು ಅದರ ಗೂಡಿಗೆ ಮರಳಿಸಿಬಿಡಿ.