ಬಿಡಿ ಅಂಜೂರಕ್ಕೆ ಬಿಲ್ ಎಲ್ಲಿ?

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ಗಾಂಧಿಬಜಾರ್‌ನಲ್ಲಿ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ದ್ರಾಕ್ಷಿ, ಗೋಡಂಬಿ, ಅಂಜೂರ ತೂಗುವುದಕ್ಕೆ ಕೈ ಸಾಲದು. ಹಗ್ಗಕ್ಕೆ ಪೋಣಿಸಿ ಬರುವ ಅಂಜೂರವನ್ನು ಬಿಡಿಸಿ ಬೆಳಕಿಗೆ ಹಿಡಿದರೆ ಕೆಲವೊಮ್ಮೆ ಬೀಜಗಳ ನಡುವೆ ಸಣ್ಣ ಬಲೆ, ಕಂದು ಪುಡಿ, ಹುಳವೂ ಕಾಣುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ವ್ಯಾಖ್ಯೆಯಲ್ಲೇ ಹುಳ ಹತ್ತಿದ ತಿನಿಸು ‘ಅಸುರಕ್ಷಿತ’. ತಿಂದವರಿಗೆ ಏನೂ ಆಗದಿದ್ದರೂ 59ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಜೈಲು, ಮೂರು ಲಕ್ಷದವರೆಗೆ ದಂಡ. (2023ರ ಜನ ವಿಶ್ವಾಸ ಕಾಯ್ದೆಗೆ ಮುಂಚೆ ಆರು ತಿಂಗಳು, ಒಂದು ಲಕ್ಷ ಇತ್ತು.) ಶಿಕ್ಷೆ ಸಾಲದೆಂಬ ದೂರನ್ನು ನಾನು ಒಪ್ಪಲಾರೆ.

ಕಾಯ್ದೆ ಎಡವುವುದು ಮಾದರಿ ತೆಗೆಯುವಲ್ಲಿ. ಕಣ್ಣಿಗೆ ಬೀಳುವ ಹುಳಕ್ಕಿಂತ ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಅಪಾಯಕಾರಿ. ಯಕೃತ್ತಿನ ಕ್ಯಾನ್ಸರ್ ತರಬಲ್ಲದು. ಒಣ ಅಂಜೂರದಲ್ಲಿ ಅದು ಕಿಲೋಗೆ 10 ಮೈಕ್ರೋಗ್ರಾಂ ಮೀರುವಂತಿಲ್ಲ. ಆದರೆ ಈ ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ, ನೂರು ಹಣ್ಣು ಚೆನ್ನಾಗಿದ್ದು ಒಂದರಲ್ಲೇ ತುಂಬಿಕೊಂಡಿರಬಹುದು. ಅದಕ್ಕೇ ಯುರೋಪಿನಲ್ಲಿ ದೊಡ್ಡ ಲಾಟಿನಿಂದ 30 ಕಿಲೋ ಅಂಜೂರ ತೆಗೆದು ಪರೀಕ್ಷಿಸುತ್ತಾರೆ. ನಮ್ಮಲ್ಲಿ ಅಧಿಕಾರಿ ಅಂಗಡಿಯಲ್ಲಿ ತೆಗೆದ ಸಣ್ಣ ಮಾದರಿಯನ್ನು ನಾಲ್ಕು ಪಾಲು ಮಾಡಿ, ಮೊಹರು ಹಾಕಿ, ಒಂದನ್ನು ವಿಶ್ಲೇಷಕರಿಗೆ ಕಳಿಸುತ್ತಾರೆ. ವರದಿಗೆ 14 ದಿನ ಗಡುವು. ಅಷ್ಟರಲ್ಲಿ ಹಬ್ಬ ಮುಗಿದು ಚೀಲವೂ ಖಾಲಿ. 2024ರ ಮಾರ್ಚಿನಲ್ಲಿ ಕಾಟನ್ ಕ್ಯಾಂಡಿ, ಗೋಬಿ ಮಂಚೂರಿಯ ಬಣ್ಣದ ಮೇಲೆ ರಾಜ್ಯ ಸರ್ಕಾರ ಬಿಗಿಯಾಗಿ ಕ್ರಮ ಕೈಗೊಂಡಿತು, ಸರಿಯೇ. ಆದರೆ ಕ್ಯಾಂಡಿಗೆ ಹಾಕುವ ರೋಡಮೈನ್-ಬಿ ಬಣ್ಣ ಮಿಠಾಯಿಯ ಎಳೆ ಎಳೆಯಲ್ಲೂ ಇರುತ್ತದೆ, ಯಾವ ಚೂರು ತೆಗೆದರೂ ಸಿಕ್ಕಿಬೀಳುತ್ತದೆ.

ಗ್ರಾಹಕರೇ ಪರೀಕ್ಷೆ ಮಾಡಿಸಬಹುದು ಎನ್ನುತ್ತದೆ 40ನೇ ಸೆಕ್ಷನ್. ಷರತ್ತು ಮಾತ್ರ ಮಜವಾಗಿದೆ: ಕೊಳ್ಳುವಾಗಲೇ ಅಂಗಡಿಯವರಿಗೆ ಆ ಉದ್ದೇಶ ತಿಳಿಸಬೇಕು. ಕಾಲು ಕಿಲೋ ಅಂಜೂರಕ್ಕೆ ಹಾಗೆ ಹೇಳಿ ನೋಡಿ, ಒಳಗಿನಿಂದ ಬೇರೆ ಡಬ್ಬಿ ಬರುತ್ತದೆ!

ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಕೆಲಸಕ್ಕೆ ಬರುವುದು 27ನೇ ಸೆಕ್ಷನ್. ಸರಕು ಯಾರಿಂದ ಬಂತೆಂದು ತೋರಿಸಲಾಗದಿದ್ದರೆ ಮಾರಿದವರೇ ಹೊಣೆ. ಲಾಟಿನಲ್ಲಿ ಒಂದಿಷ್ಟು ಅಸುರಕ್ಷಿತವೆಂದು ಕಂಡರೆ ಇಡೀ ಲಾಟೇ ಹಾಗೆಂದು ಭಾವಿಸಲು 26ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ತಳದಲ್ಲಿ ಉಳಿದ ಹಳೇ ಸರಕಿನ ಮೇಲೇ ಹೊಸದನ್ನು ಸುರಿದರೆ ಆ ಡಬ್ಬಿಯಲ್ಲಿ ಲಾಟ್ ಯಾವುದು? ಇದನ್ನು ಕೇಳುವುದಕ್ಕೆ ಪ್ರಯೋಗಾಲಯ ಬೇಕಿಲ್ಲ. ಅಧಿಕಾರಿ ಡಬ್ಬಿ ತೋರಿಸಿ ಖರೀದಿ ಬಿಲ್ ಕೇಳಿದರೆ ಅದೇ ದಿನ ಸಗಟು ವ್ಯಾಪಾರಿಯ ಗೋದಾಮಿಗೆ ಹೋಗಬಹುದು. ಬಿಲ್ ಇಲ್ಲದಿದ್ದರೆ ಕೇಸು ತಕ್ಕಡಿ ಹಿಡಿದವನಲ್ಲೇ ನಿಲ್ಲುತ್ತದೆ, ಚೀಲ ಕಳಿಸಿದವನು ಗೌರಿ-ಗಣೇಶನ ಹಬ್ಬಕ್ಕೂ ಕಳಿಸುತ್ತಾನೆ.