ಮೂಸಿನ ಕಿವಿ: ರಸಿಕರಿಗೊಂದು ಕೈಪಿಡಿ

ಉತ್ತರ ಅಮೆರಿಕದ ಮೂಲನಿವಾಸಿಗಳಾದ ಅಲ್ಗೊಂಕ್ವಿಯನ್ ಜನರ ನುಡಿಗಳಿಂದ ಇಂಗ್ಲಿಷಿಗೆ ಬಂದು, ಅಲ್ಲಿಂದ ಜಗತ್ತಿಗೆಲ್ಲ ಪರಿಚಿತವಾದ ಮೂಸ್ ಎಂಬ ಹೆಸರಿಗೆ, ತೊಗಟೆಯನ್ನು ಸುಲಿದು ತಿನ್ನುವಂಥದು ಎಂದು ಬಲ್ಲವರು ಅರ್ಥ ಹೇಳುವರು. ಆದರೆ ನಮ್ಮ ನಾಲಗೆ ಅದಕ್ಕೆ ತಾನಾಗಿ ಒಂದು ಉಕಾರವನ್ನು ಸೇರಿಸಿ ಮೂಸು ಎಂದಾಗಿಸಿದೊಡನೆ ಅದು ಅಚ್ಚಕನ್ನಡದ ಕ್ರಿಯಾಪದವೇ ಆಗಿಬಿಟ್ಟು, ಕಣ್ಣು ಮಂದವಾಗಿದ್ದು ಮೂಗಿನಿಂದಲೂ ಕಿವಿಯಿಂದಲೂ ಲೋಕವನ್ನರಿಯುವ ಆ ಮೃಗಕ್ಕೆ ನಾವೇ ನಾಮಕರಣ ಮಾಡಿದೆವೋ ಎಂಬಷ್ಟು ಒಪ್ಪುವುದು. ನಿರುಕ್ತಕಾರರು ಕ್ಷಮಿಸಲಿ, ಈ ಬರೆಹದಲ್ಲಿ ನಾನು ಮೂಸು ಎಂದೇ ಕರೆಯುವೆನು.

ಜಿಂಕೆಯ ಕುಲದಲ್ಲಿ ಇದಕ್ಕಿಂತ ದೊಡ್ಡ ಪ್ರಾಣಿಯಿಲ್ಲ. ಬಂಡೀಪುರದಲ್ಲಿ ಕಡವೆಯನ್ನು ಕಂಡು ಬೆರಗಾದವರು, ಅಲಾಸ್ಕದ ಬಲಿತ ಗಂಡುಮೂಸು ಹೆಗಲಿನ ತನಕವೇ ಸುಮಾರು 2 ಮೀಟರ್ ಎತ್ತರವಿದ್ದು 600 ಕಿಲೋ ತೂಗಬಲ್ಲುದೆಂಬುದನ್ನು ಕೇಳಿದರೆ ತಮ್ಮ ಬೆರಗಿನಲ್ಲಿ ಸ್ವಲ್ಪವನ್ನು ಉಳಿಸಿಟ್ಟುಕೊಳ್ಳಬೇಕಾಗಿತ್ತೆಂದು ಮರುಗಿಯಾರು. ಇಷ್ಟಾಗಿಯೂ ಮೊದಲ ನೋಟಕ್ಕೆ ಅದು ಸುಂದರವೆಂದು ತೋರುವುದಿಲ್ಲವೆಂಬುದನ್ನು ಹೊಸಬರಿಗೆ ಮುಂದಾಗಿಯೇ ತಿಳಿಸುವುದು ನ್ಯಾಯ. ಒಂಟೆಯದಕ್ಕಿಂತ ಜೋಲುವ ಮೇಲ್ದುಟಿ, ಹೆಗಲಮೇಲೊಂದು ಡುಬ್ಬ, ಮರಗಾಲು ಕಟ್ಟಿಕೊಂಡವನ ಹಾಗೆ ಉದ್ದಾನುದ್ದದ ಕಾಲುಗಳು, ಇದೆಯೋ ಇಲ್ಲವೋ ಎಂಬಂಥ ಬಾಲ, ಗಲ್ಲದ ಕೆಳಗೆ ನಮ್ಮ ಎತ್ತುಗಳ ಗಂಗೆದೊಗಲನ್ನು ತುಂಡುಮಾಡಿ ತೂಗುಬಿಟ್ಟಂತೆ ಒಂದು ಜೋಲು. ಹರಿಣಾಕ್ಷಿ ಮೊದಲಾದ ಕಾವ್ಯದ ಮಾತುಗಳನ್ನು ಮನೆಯಲ್ಲಿಯೇ ಬಿಟ್ಟುಬರತಕ್ಕದ್ದು. ಆಮೇಲೆ, ಎದೆಯುದ್ದದ ಹಿಮದಲ್ಲಿ ನಡೆಯಲಿಕ್ಕೂ ಕೆಸರಿನಲ್ಲಿ ಹೂತರೆ ಕಿತ್ತುಕೊಳ್ಳಲಿಕ್ಕೂ ಆ ಕಾಲುಗಳೇ ಬೇಕೆಂಬುದನ್ನು, ಬೇಸಗೆಯಲ್ಲಿ ಉಪ್ಪಿನಂಶವುಳ್ಳ ನೀರುಸಸ್ಯಗಳಿಗಾಗಿ ಕೊಳದ ತಳಕ್ಕೆ ಮುಖವನ್ನಿಳಿಸಿದಾಗ ಆ ದೊಡ್ಡ ಮೂಗಿನ ಹೊಳ್ಳೆಗಳು ತಾವಾಗಿ ಮುಚ್ಚಿಕೊಳ್ಳುವುವೆಂಬುದನ್ನು ಒಂದೊಂದಾಗಿ ಅರಿತಂತೆಲ್ಲ, ವಿಕಾರವೆಂದುಕೊಂಡದ್ದು ಔಚಿತ್ಯವೆಂದು ತಿಳಿಯುತ್ತ ಬರುವುದು.

ಎಲ್ಲಿ ನೋಡಬೇಕೆಂದರೆ, ನಾನು ಬಲ್ಲದ್ದು ವಯೋಮಿಂಗ್ ಸಂಸ್ಥಾನದ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನ. ಅದರಲ್ಲಿಯೂ ಗ್ರೋ ವಾಂಟ್ ಎಂಬ ಹೊಳೆಯ ದಂಡೆ. ಅಲ್ಲಿಯ ಮೂಸು ಉತ್ತರ ಅಮೆರಿಕದ ಮೂಸುಗಳಲ್ಲೆಲ್ಲ ಚಿಕ್ಕ ತಳಿಯದು. ಆದರೆ ಕ್ಯಾಮೆರಾ ಹಿಡಿದವನಿಗೆ ಅದರ ಹೆಸರೇ ಒಂದು ಪಾಠ. ಕೋವಿಯನ್ನು ಕೆಳಗಿಟ್ಟು ಕ್ಯಾಮೆರಾವನ್ನೆತ್ತಿಕೊಂಡ ಜಾರ್ಜ್ ಶೈರಸ್ ಎಂಬ ಮಹನೀಯನು, ಇರುಳಿನಲ್ಲಿ ದೋಣಿಯ ಮುಂತಲೆಗೆ ದೀಪವನ್ನಿರಿಸಿ, ದಡದಲ್ಲಿ ನಿಂತ ಮೃಗಗಳ ಬಳಿಗೆ ಸದ್ದಿಲ್ಲದೆ ಸಾಗಿ, ಮಿಂಚುಪುಡಿಯನ್ನು ಉರಿಸಿ ತೆಗೆದ ಚಿತ್ರಗಳು 1906ರ ಜುಲೈ ತಿಂಗಳ ನ್ಯಾಷನಲ್ ಜಿಯೊಗ್ರಾಫಿಕ್ ಸಂಚಿಕೆಯನ್ನು ತುಂಬಿದವು. ಬಳಿಕ ಆತನು ಯೆಲ್ಲೊಸ್ಟೋನ್ ನದಿಯ ಮೇಲ್ಪಾತ್ರದಲ್ಲಿ ಅಲೆದು ಅಲ್ಲಿಯ ಮೂಸುಗಳನ್ನು ಲೋಕಕ್ಕೆ ತೋರಿಸಿದ್ದಕ್ಕಾಗಿ 1914ರಲ್ಲಿ ಆ ತಳಿಗೆ ಶೈರಸ್ ಮೂಸು ಎಂಬ ಹೆಸರನ್ನಿಟ್ಟರು. ಕೊಂದವರ ಹೆಸರು ಹೊತ್ತ ಮೃಗಗಳು ಹಲವಿರಬಹುದು. ಚಿತ್ರ ತೆಗೆದವನ ಹೆಸರು ಹೊತ್ತದ್ದು ನನಗೆ ಗೊತ್ತಿರುವಂತೆ ಇದೊಂದೇ. ಆತನ ಚಿತ್ರಗಳನ್ನು ಗೌರವಿಸುತ್ತಲೇ ಒಂದು ಮಾತು ಹೇಳಬೇಕು: ಮಿಂಚಿಗೆ ಬೆಚ್ಚಿದ ಮೃಗದ ಚಿತ್ರದಲ್ಲಿ ನಾವೂ ಇರುತ್ತೇವೆ. ನಮ್ಮನ್ನು ಮರೆತು ತನ್ನ ಪಾಡಿಗೆ ತಾನು ಮೇಯುವ ಮೃಗದ ಚಿತ್ರವೇ ನನ್ನ ಎಣಿಕೆಯಲ್ಲಿ ಮೇಲು.

ಹೊತ್ತು ಹುಟ್ಟುವ ಮುನ್ನ ಹೊರಡಿರಿ. ಬೇಸಗೆಯಲ್ಲಿ 14 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಮೂಸಿಗೆ ಸೆಕೆ. ನಾವು ಸ್ವೆಟರಿನ ಗುಂಡಿ ಹಾಕಿಕೊಳ್ಳುವ ಹೊತ್ತಿಗೆ ಅದು ನೆರಳನ್ನು ಹುಡುಕುವುದು. ಹೊಳೆದಂಡೆಯ ವಿಲೋ ಪೊದೆಗಳೇ, ಎಂದರೆ ನಮ್ಮ ನೀರವಂಜಿಯ ನೆಂಟರೇ, ಅದರ ಅನ್ನಸತ್ರ. ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಕೊಡಿರಿ: ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲದ ಆ ಬಾಯಿ ಕಡ್ಡಿಯನ್ನು ಹಿಡಿದು ಪಕ್ಕಕ್ಕೆಳೆದು ಎಲೆಯನ್ನು ಉಜ್ಜಿ ತೆಗೆಯುವ ಸರಕ್ಕೆಂಬ ಸದ್ದು ತಿಳಿಗಾಳಿಯಲ್ಲಿ ಬಹುದೂರಕ್ಕೆ ಕೇಳುವುದು. ಕಂಡಮೇಲೆ ಕೊಂಬಿನಮೇಲೆಯೇ ಕಣ್ಣು ನೆಟ್ಟು ಕುಳಿತುಕೊಳ್ಳಬೇಡಿರಿ. ಅಂಗೈಯಂತೆ ಹರವಾದ ಆ ಕೊಂಬು ಭವ್ಯವಾದದ್ದು ನಿಜ; ಆದರೆ ಅದು ಗಂಡಿಗೆ ಮಾತ್ರ ಇದ್ದು, ಚಳಿಗಾಲಕ್ಕೆ ಉದುರಿಹೋಗುವ ಆಭರಣ. ವರ್ಷವಿಡೀ ಮಾತಾಡುವುದು ಕಿವಿ. ಒಂದು ಮುಂದಕ್ಕೂ ಒಂದು ಹಿಂದಕ್ಕೂ ತಿರುಗಿದ್ದರೆ ಅದಕ್ಕೆ ಎರಡು ಕಡೆಯ ಸುದ್ದಿಯೂ ಬೇಕಾಗಿದೆಯೆಂದು ತಿಳಿಯಿರಿ. ಎರಡೂ ನಿಮ್ಮತ್ತ ನೆಟ್ಟಗಾದರೆ ನಿಮ್ಮ ಚಿತ್ರ ಕೆಟ್ಟಿತು. ಎರಡೂ ಹಿಂದಕ್ಕೆ ಅಂಟಿಕೊಂಡು, ಹೆಗಲಿನ ರೋಮ ನಿಮಿರಿ, ನಾಲಗೆ ತುಟಿಯನ್ನು ಸವರಿತೋ, ಚಿತ್ರದ ಮಾತು ಹಾಗಿರಲಿ, ದೊಡ್ಡದೊಂದು ಮರದ ಹಿಂದಕ್ಕೆ ಓಡಿರಿ.

ಉದ್ಯಾನದ ನಿಯಮದಂತೆ ಮೂಸಿನಿಂದ 25 ಗಜ ದೂರವಿರಬೇಕು. ಅಳತೆಯ ಗಜವೇ ಹೊರತು ಆನೆಯಲ್ಲ. ಆದರೂ ಗಂಡಿಗೆ ಮದವೇರುವ ಸೆಪ್ಟೆಂಬರಿನ ಕೊನೆಯಲ್ಲಿಯೂ, ತಾಯಿ ಎಳೆಗರುವಿನೊಡನಿರುವ ಜೂನಿನಲ್ಲಿಯೂ ಎರಡನೆಯ ಅರ್ಥವನ್ನೇ ಹಿಡಿದು ನಿಲ್ಲುವುದು ಲೇಸು. 400 ಮಿಲಿಮೀಟರಿನ ಲೆನ್ಸು ಇರುವುದು ಇದಕ್ಕಾಗಿಯೇ.

ಬೆಳಕಿನ ವಿಷಯದಲ್ಲಿ ನಾನು ಕಷ್ಟಪಟ್ಟು ಕಲಿತದ್ದೊಂದುಂಟು. ಕ್ಯಾಮೆರಾದೊಳಗಿನ ಬೆಳಕುಮಾಪಕಕ್ಕೆ ಜಗತ್ತೆಲ್ಲ ನಡುಬೂದಿಬಣ್ಣವೆಂಬ ನಂಬಿಕೆ. ಕಾಫಿಬೀಜವನ್ನು ಕಪ್ಪಗೆ ಹುರಿದಂಥ ಮೂಸಿನ ಮೈ ಚೌಕಟ್ಟನ್ನು ತುಂಬಿದರೆ ಅದು ಬೆದರಿ ಬೆಳಕನ್ನು ಹೆಚ್ಚಾಗಿ ಒಳಬಿಡುವುದು. ನನ್ನ ಮೊದಲ ದಿನದ ಚಿತ್ರಗಳಲ್ಲೆಲ್ಲ ಮೂಸು ಬೂದಿ ಬಳಿದ ಕತ್ತೆಯಂತೆ ಬಂದಿತ್ತು. ಅರ್ಧ ಮುಕ್ಕಾಲು ಸ್ಟಾಪು ತಗ್ಗಿಸಿರಿ. ಸುತ್ತ ಹಿಮವಿದ್ದರೆ, ಬಿಳುಪಿಗೆ ಮಾಪಕ ಇದಕ್ಕೆ ವಿರುದ್ಧವಾಗಿ ಮೋಸಹೋಗುವುದರಿಂದ, ಒಂದು ಸ್ಟಾಪು ಏರಿಸಿರಿ. ಕಪ್ಪುಮುಖದಲ್ಲಿ ಕಪ್ಪುಕಣ್ಣು ಅಡಗಿಹೋಗುವುದರಿಂದ, ಅದು ತಲೆಯನ್ನು ಬೆಳಕಿನತ್ತ ಹೊರಳಿಸಿ ಕಣ್ಣಿನಲ್ಲೊಂದು ಹೊಳಪು ಮೂಡುವ ತನಕ ಕಾಯಿರಿ.

ಸೆಪ್ಟೆಂಬರಿನ ಕೊನೆಯ ವಾರದ ಒಂದು ಬೆಳಗ್ಗೆ ನಾನು ಹಾಗೆ ಕಾದಿದ್ದೆ. ಹುಲ್ಲಿನಮೇಲೆ ಇಬ್ಬನಿ ಗಟ್ಟಿಗಟ್ಟಿತ್ತು. ಹೊಂಬಣ್ಣಕ್ಕೆ ತಿರುಗಿದ ಕಾಟನ್‌ವುಡ್ ಮರಗಳ ಕೆಳಗೆ ಒಂದು ಹೆಣ್ಣುಮೂಸು ಮಲಗಿ ಮೆಲುಕುಹಾಕುತ್ತಿತ್ತು. ಒಂದು ಗಂಟೆಯ ಮೇಲೆ ಅದು, ನಮ್ಮ ಕೊಟ್ಟಿಗೆಯ ಹಸುವಿನಂತೆಯೇ ಮೊದಲು ಹಿಂಗಾಲುಗಳನ್ನೆತ್ತಿ, ಎದ್ದು, ಒಂದು ವಿಲೋ ಕಡ್ಡಿಯನ್ನು ಬಾಯಿಗೆಳೆದುಕೊಂಡಿತು. ಉಸಿರು ಹಬೆಯಾಗಿ ಮೂಗಿನ ಸುತ್ತ ಸುಳಿಯುತ್ತಿತ್ತು. ಎಡಗಿವಿಯೊಂದು ಮಾತ್ರ ಅಷ್ಟು ಹೊತ್ತೂ ಹಿಂದಕ್ಕೇ ತಿರುಗಿತ್ತು. ಹೊಳೆಯ ಸದ್ದಿಗಿರಬೇಕೆಂದು ನಾನು ಸುಮ್ಮನಾದೆ.

ಆ ಚಿತ್ರವನ್ನು ಅಚ್ಚುಹಾಕಿಸಿ ಮೈಸೂರಿನ ಮನೆಗೆ ತಂದಾಗ ತಂಗಿ ಕನ್ನಡಕವೇರಿಸಿ ನೋಡಿ, “ಇದೇನಣ್ಣ, ಅಷ್ಟು ದೂರ ಹೋಗಿ ಕೊಂಬಿಲ್ಲದ್ದನ್ನು ತೆಗೆದುಕೊಂಡು ಬಂದೆ?” ಎಂದಳು. ಕೊಂಬಲ್ಲ, ಕಿವಿಯನ್ನು ನೋಡೆಂದು ನಾನು ಮೇಲೆ ಬರೆದದ್ದನ್ನೆಲ್ಲ ಅವಳಿಗೆ ಒಪ್ಪಿಸಿದೆ. ಅವಳು ಚಿತ್ರವನ್ನು ಕಿಟಕಿಯ ಬಳಿಗೆ ಒಯ್ದು, ಆ ಎಡಗಿವಿ ತೋರುವ ದಿಕ್ಕಿನಲ್ಲಿ ಬೆರಳನ್ನು ಮೆಲ್ಲನೆ ಜರುಗಿಸುತ್ತ ಹೋಗಿ, ಪೊದೆಯ ಅಂಚಿನಲ್ಲಿ ನಿಲ್ಲಿಸಿದಳು.

“ಕರು ಇಲ್ಲಿದೆಯಲ್ಲ,” ಎಂದಳು.

ಹುಟ್ಟುಗೆಂಪು ಕಳೆದು ವಿಲೋ ಬೊಡ್ಡೆಯ ಬಣ್ಣಕ್ಕೆ ತಿರುಗಿದ್ದ ಮೈ. ಎಲೆಗಳ ನಡುವೆ ಎರಡು ಪುಟ್ಟ ಕಿವಿಗಳು, ಎರಡೂ ನೆಟ್ಟಗೆ ನನ್ನ ಕಡೆಗೆ.