ಕೆಂಪು ಘಟಸರ್ಪ ಮತ್ತು ಸ್ತ್ರೀದೇಹ: ಒಂದು ದೈವಶಾಸ್ತ್ರೀಯ ವಿಮರ್ಶೆ

ದಾವೋ ಪರಂಪರೆಯ ಸಾಧಕಿಯರಲ್ಲಿ ಸುನ್ ಬು-ಎರ್ (1119–1182) ಅಗ್ರಗಣ್ಯಳು. ಚೀನಾದ ಶಾಂಡೊಂಗ್ ಪ್ರಾಂತದ ಈ ಗೃಹಿಣಿ, ಮೂವರು ಮಕ್ಕಳ ತಾಯಿ, ವಾಂಗ್ ಚೊಂಗ್‌ಯಾಂಗ್ ಎಂಬ ಗುರುವಿನ ಶಿಷ್ಯೆಯಾಗಿ, 'ಪೂರ್ಣಸತ್ಯ' ಪಂಥದ ಏಳು ಸಿದ್ಧರಲ್ಲಿ ಏಕೈಕ ಸ್ತ್ರೀಯೆನಿಸಿದಳು. ಆಕೆಯ ಹೆಸರಿನಲ್ಲಿ ಪ್ರಚಲಿತವಿರುವ ಹದಿನಾಲ್ಕು ಕಿರುಗವನಗಳು ಸ್ತ್ರೀಯರ 'ಅಂತರಂಗ ರಸವಿದ್ಯೆ'ಯ ಮೆಟ್ಟಿಲುಗಳು. ಅವು ಆಕೆಯ ಕಾಲಕ್ಕಿಂತ ಬಹಳ ಈಚಿನವೆಂಬುದು ವಿದ್ವಾಂಸರ ಮತ. 20ನೆಯ ಶತಮಾನದಲ್ಲಿ ಚೆನ್ ಯಿಂಗ್‌ನಿಂಗ್ ಅವರು ಇವಕ್ಕೆ ವ್ಯಾಖ್ಯಾನ ಬರೆದರು.

ಚಿತ್ತವನ್ನು ಒಂದೆಡೆ ಕೂಡಿಸುವುದರಿಂದ ಮೊದಲಾಗುವ ಈ ಮಾರ್ಗವು ಪ್ರಾಣಪೋಷಣೆ, ಗರ್ಭಸ್ಥ ಶಿಶುವಿನಂಥ ಉಸಿರಾಟ, ಗೋಡೆಗೆ ಅಭಿಮುಖವಾದ ಧ್ಯಾನಗಳನ್ನು ದಾಟಿ ಊರ್ಧ್ವಗಮನದಲ್ಲಿ ಮುಗಿಯುತ್ತದೆ. ಇಲ್ಲಿ ದೇಹವು ಸಾಧನೆಗೆ ಅಡ್ಡಿಯಲ್ಲ, ಸಾಧನೆ ನಡೆಯುವ ಮೂಸೆ. ದೇಹವನ್ನು ಮರೆತು ಪ್ರಾರ್ಥಿಸುವ ನಮಗೆ ಇದೊಂದು ಪಾಠವೇ ಸರಿ.

ಆದರೆ ನಾಲ್ಕನೆಯ ಕವನದ ಹೆಸರು 'ಘಟಸರ್ಪದ ಛೇದನ'. ಈ ವಿದ್ಯೆಯ ಪರಿಭಾಷೆಯಲ್ಲಿ 'ಕೆಂಪು ಘಟಸರ್ಪ'ವೆಂದರೆ ಋತುಸ್ರಾವ. ಅದನ್ನು ನಿಲ್ಲಿಸಿ, ರಕ್ತವನ್ನು ಪ್ರಾಣಶಕ್ತಿಯಾಗಿ ಪರಿವರ್ತಿಸುವುದು ಸಾಧಕಿಯ ಕರ್ತವ್ಯ. ಚೀನೀಯರಿಗೆ ಘಟಸರ್ಪವು ಸೈತಾನನಲ್ಲ, ಶಕ್ತಿಯ ಸಂಕೇತ. ಆದುದರಿಂದ ಇದನ್ನು ದೇಹದ್ವೇಷವೆಂದು ಹಳಿಯುವುದು ಆತುರವಾದೀತು. ಆದರೂ ಪ್ರಶ್ನೆಯೊಂದು ಉಳಿಯುತ್ತದೆ: ಸಿದ್ಧಿ ಪಡೆಯಲು ಸ್ತ್ರೀಯು ತನ್ನ ಸ್ತ್ರೀತ್ವದ ಗುರುತನ್ನೇ ಕಳಚಬೇಕೆ?

ಈ ಪ್ರಶ್ನೆಯನ್ನು ಅನ್ಯರಿಗೆ ಮಾತ್ರ ಹಾಕುವ ಅಧಿಕಾರ ನಮಗಿಲ್ಲ. ಲೋಕಕ್ಕಿಂತ ಹೆಚ್ಚಾಗಿ ಕ್ರಿಸ್ತನನ್ನು ಸೇವಿಸುವ ಸ್ತ್ರೀಯು ಪುರುಷಳೆನಿಸುವಳೆಂದು ಬರೆದವರು ನಮ್ಮ ಸಂತ ಜೆರೋಮರೇ. ಋತುಮತಿಯರನ್ನು ಪವಿತ್ರ ಸ್ಥಳದಿಂದ ದೂರವಿಟ್ಟ ಸಂಪ್ರದಾಯಗಳು ಕ್ರೈಸ್ತರಲ್ಲಿಯೂ ಇದ್ದವು.

ಉತ್ತರವನ್ನು ನಾವು ಪವಿತ್ರ ಗ್ರಂಥದಲ್ಲಿ ಅರಸಬೇಕು. ಪ್ರಕಟನಾ ಗ್ರಂಥದ 12ನೆಯ ಅಧ್ಯಾಯದಲ್ಲಿಯೂ ಕೆಂಪು ಘಟಸರ್ಪವಿದೆ. ಆದರೆ ಅದು ಸ್ತ್ರೀಯ ಒಳಗಿಲ್ಲ. ಹೆರಿಗೆಯ ನೋವಿನಲ್ಲಿರುವ ಆಕೆಯ ಎದುರಿಗೆ ನಿಂತಿದೆ. ಶತ್ರುವು ಆಕೆಯ ಫಲವತ್ತತೆಯಲ್ಲ, ಅದನ್ನು ನುಂಗಲು ಕಾದವನು. ಮಾರ್ಕನ ಶುಭಸಂದೇಶದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದವಳಿಗೆ ಪ್ರಭು ರೋಗವನ್ನು ನೀಗಿದರು, ಸ್ತ್ರೀತ್ವವನ್ನಲ್ಲ. ಮಗಳೆಂದು ಕರೆದು ಕಳುಹಿಸಿದರು. ಆಕೆ ಯಾವ ಮೆಟ್ಟಿಲನ್ನೂ ಏರಿ ಬಂದವಳಲ್ಲ. ಜನಸಂದಣಿಯಲ್ಲಿ ಹಿಂದಿನಿಂದ ಬಂದು ಉಡುಪನ್ನು ಮುಟ್ಟಿದವಳು.

ಸಾಧನೆಯ ಶಿಸ್ತನ್ನು ನಾವು ಸುನ್ ಬು-ಎರ್‌ಳ ಪರಂಪರೆಯಿಂದ ಕೃತಜ್ಞತೆಯಿಂದ ಕಲಿಯೋಣ. ಕೃಪೆಗೆ ಅರ್ಹರಾಗಲು ಯಾರೂ ತಮ್ಮ ದೇಹವನ್ನು ಮೊದಲು ನಿರಾಕರಿಸಬೇಕಿಲ್ಲವೆಂಬುದನ್ನು ನಮ್ಮ ಧರ್ಮಸಭೆಯಲ್ಲಿಯೇ ಮೊದಲು ಬೋಧಿಸೋಣ.